ಗೋಡೆಗೆ ತೂಗಿದ ಕೌದಿ

ನಮ್ಮ ಮನೆಯಲ್ಲೊಂದು ಕೌದಿಯಿದೆ. ಹಳೆಯ ಸೀರೆ, ಧೋತರ, ಯಾರದೋ ಬಾಲ್ಯದ ಅಂಗಿ, ಎಲ್ಲವನ್ನೂ ಕೂಡಿಸಿ ನನ್ನ ಸೋದರತ್ತೆ ಗಂಗತ್ತಿ ಓಣಿಯ ಮೂವರು ಹೆಣ್ಣುಮಕ್ಕಳೊಡನೆ ಮೂಲೆಗೊಬ್ಬರಂತೆ ಕುಳಿತು ಹೊಲಿದದ್ದು. ಅಂಚಿನಿಂದ ನಡುವಿಗೆ ಸಾಲುಸಾಲಾಗಿ ಬರುವ ಹೊಲಿಗೆ ಒಂದೆಡೆ ಸೊಟ್ಟಗೆ ಹೊರಳಿದೆ. ಹೊದ್ದರೆ ಪಾದಗಳು ಹೊರಗುಳಿಯುತ್ತವೆ. ಇಷ್ಟು ದೋಷಗಳಿದ್ದೂ ಅದು ಒಂದು ರಾಕ್ ಆಲ್ಬಮ್ಮಿನಲ್ಲಿ ಪಾಲ್ಗೊಂಡಿದೆ ಎಂದರೆ ನೀವು ನಂಬಲಿಕ್ಕಿಲ್ಲ. ಅದರಲ್ಲಿ ನಾನು ಹಾಡಿದ್ದೇನೆ ಎಂದ ಮೇಲೆ ಕೌದಿಯ ಮಾತನ್ನಾದರೂ ನಂಬುವಿರಿ.

ನಾವು ನಾಲ್ವರು: ಹಾನಗಲ್ಲಿನ ನಾನು, ಶಿಗ್ಗಾವಿಯ ಬಸಣ್ಣ, ಹಿರೇಕೆರೂರಿನ ಚಂದ್ರಪ್ಪ, ಸವಣೂರಿನ ದರ್ಜಿ ರಾಜೇಸಾಬ. ವಯಸ್ಸು ಕೂಡಿಸಿದರೆ ಇನ್ನೂರು ದಾಟುತ್ತದೆ. ಭಜನೆಯಲ್ಲಿ ಬೆಳೆದ ಕೊರಳುಗಳು. ಬಸಣ್ಣ ಗಿಟಾರಿಗೆ ಕರೆಂಟು ಕೊಟ್ಟ ದಿನದಿಂದ ರಾಕ್ ಆದೆವು. ಒಂದೇ ಸಾಲನ್ನು ಒಂದೇ ಹೊತ್ತಿಗೆ ನಾಲ್ಕು ಬೇರೆ ಬೇರೆ ಸ್ವರಗಳಲ್ಲಿ ಹಾಡುವುದು ನಮ್ಮ ಪದ್ಧತಿ. ಮೊದಲ ಸಲ ಕೇಳಿದ ಗಂಗತ್ತಿ, “ನಾಕ್ ಮಂದ್ಯಾಗ ಯಾರರೆ ಒಬ್ಬಾಂವ ಸರಿ ಇರಬೇಕಲ್ಲೋ ತಮ್ಮಾ, ಯಾಂವ ಅಂವ?” ಎಂದು ವಿಚಾರಿಸಿದ್ದಳು.

ಮೊದಲ ಆಲ್ಬಮ್ಮಿನ ಧ್ವನಿಮುದ್ರಣ ನಮ್ಮ ಭತ್ತದ ಕೋಣೆಯಲ್ಲೇ ನಡೆಯಿತು. ಗೋಡೆಗೆ ಬಡಿದು ಮರಳುವ ದನಿಯನ್ನು ಹೀರಲೆಂದು ಸುತ್ತಲೂ ಕೌದಿಗಳನ್ನು ತೂಗಿದೆವು. ಯಂತ್ರಗಳೊಡನೆ ಹುಬ್ಬಳ್ಳಿಯಿಂದ ಬಂದ ಸಹನಾ ಎಂಬ ಹುಡುಗಿ ಎಂಟು ಹಾಡುಗಳನ್ನು ಸಲೀಸಾಗಿ ಹಿಡಿದಳು. ಕೊನೆಯದಾದ ಒಂಬತ್ತನೆಯದು ನಮ್ಮನ್ನು ಹಿಡಿಯಿತು. ಅದರ ಮೇಲಿನ ಸ್ವರ ರಾಜೇಸಾಬನದು. ಕೊನೆಯ ಚರಣದಲ್ಲಿ ಅವನ ಕೊರಳು ಕೂದಲೆಳೆಯಷ್ಟು ಇಳಿಯುತ್ತಿತ್ತು. ಇಳಿದದ್ದೇ ತಡ, ಉಳಿದ ಮೂವರೂ ಇಳಿಯುತ್ತಿದ್ದೆವು. ನಮ್ಮ ಭಜನೆಯ ರೂಢಿ ಅದು. ಮುಂದೆ ಹಾಡುವವನ ಶ್ರುತಿ ಜಾರಿತೋ, ಹಾರ್ಮೋನಿಯಂ ಪೇಟಿಯವನು ದನಿ ತಗ್ಗಿಸುತ್ತಾನೆ, ಹಿಂದಿನವರೆಲ್ಲ ಜೊತೆಗೇ ಜಾರುತ್ತಾರೆ. ಎಲ್ಲರೂ ಜಾರಿದ ಮೇಲೆ ಜಾರಿದವನು ಯಾರೆಂದು ದೇವರಿಗೂ ತಿಳಿಯದು. ಬಾಲ್ಯದಿಂದ ಹೀಗೆ ಒಬ್ಬರ ಮಾನವನ್ನೊಬ್ಬರು ಕಾಯ್ದ ಕೊರಳುಗಳಿಗೆ ತಮ್ಮತಮ್ಮ ಸ್ವರದಲ್ಲಿ ಒಂಟಿಯಾಗಿ ನಿಲ್ಲುವ ವಿದ್ಯೆ ಎಲ್ಲಿಂದ ಬರಬೇಕು, ಹೇಳಿ?

“ಕಾಕಾರ, ನಿಮ್ಮ ಸ್ವರದಾಗ ನೀವು ನಿಲ್ರಿ. ಅವರ ಹಿಂದ ನೀವ್ಯಾಕ ಹೊಂಟ್ರಿ?” ಎಂದಳು ಸಹನಾ.

“ಒಬ್ಬಾಂವನ್ನ ಬಿಟ್ಟು ಹೆಂಗ ಹೋಗೂದವಾ?” ಎಂದ ಬಸಣ್ಣ.

ಹನ್ನೊಂದನೆಯ ಸಲವೂ ಕೆಟ್ಟಾಗ ರಾಜೇಸಾಬ ಟವೆಲ್ಲು ಹೆಗಲಿಗೇರಿಸಿದ. “ನನ್ನ ಬಿಟ್ಟು ಹಾಡ್ರಿ. ನನ್ನ ಸಲುವಾಗಿ ನಿಮ್ಮ ಕೆಲಸಾ ಯಾಕ ಖರಾಬ್ ಆಗಬೇಕು? ಇನ್ನ ಮ್ಯಾಲೆ ನಾ ಬರಂಗಿಲ್ಲ.”

ತಿನ್ನಲೆಂದು ತಾನೇ ತಂದಿದ್ದ ಸವಣೂರು ಖಾರದ ಪೊಟ್ಟಣವನ್ನು ಬಿಚ್ಚದೆ ಎದ್ದಾಗ ಸಂಗತಿ ಗಂಭೀರವೆಂದು ನಮಗೆ ತಿಳಿಯಿತು. ಅವನಿಲ್ಲದೆ ಆಲ್ಬಮ್ ಆಗಬಹುದಿತ್ತು, ನಾವು ಆಗುತ್ತಿರಲಿಲ್ಲ.

ಸಹನಾ ಅವನನ್ನು ತಡೆದು ಕೂರಿಸಿದಳು. ಒಬ್ಬೊಬ್ಬರನ್ನೇ ಒಳಗೆ ಕರೆದು, ಕಿವಿಗೆ ಯಂತ್ರ ಸಿಕ್ಕಿಸಿ, ಬೇರೆ ಬೇರೆಯಾಗಿ ಹಾಡಿಸಿ, ಆಮೇಲೆ ನಾಲ್ಕನ್ನೂ ಬೆಸೆದಳು. ಒಂಟಿಯಾಗಿ ಹಾಡಿದಾಗ ರಾಜೇಸಾಬನೂ ಜಾರಲಿಲ್ಲ. ಹಾಡು ತೊಳೆದಿಟ್ಟ ತಾಟಿನಂತೆ ಹೊಳೆಯಿತು. ನಾವು ಕೇಳುತ್ತಿದ್ದಾಗ ಗಂಗತ್ತಿ ಚಹಾ ತಂದವಳು ಬಾಗಿಲಲ್ಲೇ ನಿಂತಳು.

“ಚಂದ ಹಾಡೀರಿ. ನಾಕೂ ಮಂದಿ ಒಬ್ಬರಿಗೊಬ್ಬರು ಮಾತು ಬಿಟ್ಟೀರೇನು?”

ಮೊದಲು ನಕ್ಕವನು ರಾಜೇಸಾಬ. ಹನ್ನೊಂದನೆಯ ಸಲದ್ದನ್ನು ಮತ್ತೊಮ್ಮೆ ಹಾಕಿಸಿದ. ತನ್ನ ಕೊರಳು ಇಳಿಯುವುದನ್ನೂ, ಮೂವರು ಗಡಬಡಿಸಿ ಬೆನ್ನಿಗೆ ಬರುವುದನ್ನೂ ಕಣ್ಣು ಮುಚ್ಚಿ ಕೇಳಿದ. ಟವೆಲ್ಲು ಮತ್ತೆ ಗೂಟಕ್ಕೆ ಹೋಯಿತು. “ಇದs ಇರ್ಲಿ ಬೇಟಿ. ನಾ ಒಬ್ಬನs ಬಿದ್ದಿಲ್ಲಲ್ಲ,” ಎಂದು ಖಾರದ ಪೊಟ್ಟಣ ಬಿಚ್ಚಿದ.

ಆಲ್ಬಮ್ ಹೊರಬಂತು. ಕೊನೆಯ ಹಾಡಿನ ಇಳಿತ ಬಹಳ ಯೋಚಿಸಿ ಮಾಡಿದ್ದೆಂದು ತಡಸದ ಕೇಳುಗರೊಬ್ಬರು ಮೆಚ್ಚಿ ಬರೆದರು. ನಾವು ತಕರಾರು ಮಾಡಲಿಲ್ಲ.

ಕೌದಿಯನ್ನು ಗೋಡೆಯಿಂದ ಇಳಿಸಿ ಮಡಚುವಾಗ ಆ ಸೊಟ್ಟ ಹೊಲಿಗೆಯ ಬಗ್ಗೆ ಮೊದಲ ಬಾರಿ ಗಂಗತ್ತಿಯನ್ನು ಕೇಳಿದೆ. “ನಮ್ಮ ಜೋಡಿ ಹೊಲ್ಯಾಕ ಕುಂತ ಸಾವಕ್ಕನ ಕಣ್ಣು ಆವಾಗ ಮಂಜಾಗಿದ್ವು. ಆಕಿ ಸಾಲು ಹೊಳ್ಳಿತು. ನಾವೂ ಹಂಗs ಹೊಳ್ಳಿಸಿದ್ವಿ,” ಎಂದಳು. ಇಷ್ಟು ವರ್ಷ ಹೊದ್ದೂ ತಪ್ಪಿದ ಸಾಲು ಒಂದೇ ಎಂದುಕೊಂಡಿದ್ದೆ. ಬೆರಳಾಡಿಸಿದರೆ ಪಕ್ಕದ ಸಾಲುಗಳೆಲ್ಲ ಅಷ್ಟಷ್ಟೇ ಬಾಗಿದ್ದವು.

ಪಾದಗಳು ಈಗಲೂ ಹೊರಗುಳಿಯುತ್ತವೆ. ಅದಕ್ಕೆ ಮಾತ್ರ ಇನ್ನೂ ಕಾರಣ ಕೇಳಿಲ್ಲ.