ಸುಳ್ಳು ಯುದ್ಧದಲ್ಲಿ ಈರವ್ವನ ರೊಟ್ಟಿ

ಟೆಕ್ಸಸ್‌ನ ನಮ್ಮ ಅಲೆನ್ ಊರಿನ ಈರವ್ವ ತಿಂಗಳಿಗೊಂದು ಶನಿವಾರ ಯುದ್ಧಕ್ಕೆ ಹೋಗುತ್ತಾರೆ. ಡ್ರೈವರ್ ನಾನು, ಪಕ್ಕದ ಮನೆಯ ಭಾನುಮತಿ. ನನ್ನ ಗ್ರಹಚಾರ!

ಆಸ್ಟಿನ್ ಆಚೆಯ ಬಯಲಿನಲ್ಲಿ ತಗಡು, ಪ್ಲೈವುಡ್ ಹೊಡೆದು ಒಂದು ಸುಳ್ಳು ಹಳ್ಳಿ ಕಟ್ಟಿದ್ದಾರೆ. ಯುದ್ಧ ನಡೆಯುವ ದೇಶಗಳಿಗೆ ನೆರವು ಒಯ್ಯುವವರಿಗೆ ಅಲ್ಲಿ ತರಬೇತಿ. ಹಳ್ಳಿಯವರಾಗಿ ನಟಿಸಲು ನಮ್ಮಂಥವರು. ಬಾಂಬು ಸ್ಪೀಕರಿನಲ್ಲಿ ಬೀಳುತ್ತದೆ. ನನ್ನದು ಮೇಕೆ ಕಳೆದುಕೊಂಡವಳ ಪಾತ್ರ. ಮೇಕೆಯನ್ನೇ ಕೊಟ್ಟಿಲ್ಲ, ಕಳೆದುಕೊಳ್ಳುವುದು ಏನನ್ನು, ನನ್ನ ತಲೆಯನ್ನೇ? ಈರವ್ವನವರದು ವಾರದಿಂದ ಅನ್ನ ಕಾಣದ ತಾಯಿ. ಅತ್ತು ಅಂಗಲಾಚಬೇಕು.

ಆಕೆಗೋ ಅಳುವೇ ಬಾರದು. ಅಲೆನ್‌ನಲ್ಲಿ ಮಗಳ ಮನೆ ಬಾಗಿಲಿಗೆ ಬರುವುದು ಪಾರ್ಸೆಲ್ ಮಾತ್ರ. ಇಲ್ಲಿ ಮನುಷ್ಯರೇ ಬಂದು ಹೇಗಿದ್ದೀರಿ ಎನ್ನುತ್ತಾರೆ. ಈರವ್ವ ಬಾಯ್ತುಂಬ ನಕ್ಕುಬಿಡುತ್ತಾರೆ. ಈ ಸಲವೂ ನಕ್ಕರೆ ಇನ್ನು ಕರೆಯುವುದಿಲ್ಲ ಎಂದು ತರಬೇತಿಯ ಮುಖ್ಯಸ್ಥ ಖಡಾಖಂಡಿತವಾಗಿ ಹೇಳಿದ್ದ.

"ಇದೂ ಹೋದರ ನನಗ ಮತ್ತೇನೈತ್ರಿ?" ಎಂದರು ಕಾರಿನಲ್ಲಿ.

ಬಾಂಬು ಬಿತ್ತು. ಹಿಟ್ಟಿನ ಮೂಟೆ ಹೊತ್ತು ಮಹತಿ ಗುಡಿಸಲಿಗೆ ಬಂದಳು. ಹೂಸ್ಟನ್‌ನಲ್ಲಿ ಓದಿದ ಮೈಸೂರಿನ ಹುಡುಗಿ, ಪಾಸಾದರೆ ನಿಜವಾದ ಯುದ್ಧದೂರಿಗೆ ಹೊರಡುವವಳು. ಬೆಳಿಗ್ಗೆ ಚಹಾ ಹೊತ್ತಿಗೇ ಕನ್ನಡದವಳೆಂದು ಗೊತ್ತಾಗಿತ್ತು.

"ಅಯ್ಯ, ಬಾರವಾ! ಮೊದಲ ಊಟ ಮಾಡು," ಎಂದು ನಮ್ಮ ಉಪವಾಸದ ತಾಯಿ ಚೀಲದಿಂದ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ತೆಗೆದು ತಟ್ಟೆಗೆ ಹಾಕಿದರಲ್ಲ! ನಾನು ಹಣೆ ಹಣೆ ಚಚ್ಚಿಕೊಂಡೆ.

ಹಸಿದವರ ಮನೆಯಲ್ಲಿ ತಿನ್ನಬಾರದೆಂಬುದು ತರಬೇತಿಯ ನಿಯಮ. ಮುಖ್ಯಸ್ಥ ನೋಡುತ್ತ ನಿಂತಿದ್ದ.

"ಬೇಡ ಅಜ್ಜಿ, ತಿನ್ನೋ ಹಾಗಿಲ್ಲ," ಎಂದಳು ಮಹತಿ.

"ಒಂದ ತುತ್ತು ತಿನ್ನವಾ."

"ಬೇಡ."

"ನನ್ನ ಮನಿಗೆ ಬಂದು ಹಂಗ ಹೊಕ್ಕೀಯೇನ?"

ಹುಡುಗಿ ತಟ್ಟೆ ಸರಿಸಿ, ಮೂಟೆ ಇಳಿಸಿ ಹೊರಟೇಬಿಟ್ಟಳು.

ಈರವ್ವ ಅತ್ತರು. ಗೊಳೋ ಎಂದು ಅತ್ತರು. ಮುಖ್ಯಸ್ಥ ಮಾತ್ರ ಚಪ್ಪಾಳೆ ತಟ್ಟಿ, ಇಂಥ ನಟನೆ ಕಂಡೇ ಇಲ್ಲ, ಪ್ರತಿ ತಿಂಗಳೂ ಬರಲೇಬೇಕು ಎಂದ. ಮಹತಿಯೂ ಪಾಸು.

ಎಲ್ಲ ಮುಗಿದ ಮೇಲೆ ಅವಳು ನಮ್ಮ ಕಾರಿನ ಹತ್ತಿರ ಓಡಿಬಂದಳು. "ಈಗ ಕೊಡಿ ಅಜ್ಜಿ, ಹೊಟ್ಟೆ ಚುರುಗುಟ್ತಿದೆ."

ಈರವ್ವ ಮೂಗೊರೆಸಿಕೊಂಡು ರೊಟ್ಟಿಯ ಮೇಲೆ ರೊಟ್ಟಿ ಹಾಕಿದರು.

"ಅಲ್ಲಿ ಹ್ವಾದಾಗ ಯಾರರ ಕೊಟ್ಟರ ಒಲ್ಲೆ ಅನಬ್ಯಾಡವಾ," ಎಂದರು. "ನಾ ಆಟಕ್ಕ ಅತ್ತಿದ್ದಲ್ಲ."