ಟಿಲ್ಲರ್ ಮಾವ

ಕಳೆದ ವಾರ ನನ್ನ ಭಾವಮೈದುನ ಹೊಸ ಟ್ರಾಕ್ಟರ್ ತಂದ. ಚಿಕ್ಕದು, ಕಾಫಿ ಸಾಲುಗಳ ನಡುವೆ ನುಗ್ಗುವಂಥದ್ದು. ಸೀಟಿನ ಪ್ಲಾಸ್ಟಿಕ್ ಕವರನ್ನು ಇನ್ನೂ ಕಿತ್ತಿರಲಿಲ್ಲ. ಮಳೆ ಬಿಟ್ಟು ಎಳೆಬಿಸಿಲು ಬಂದಿತ್ತು. ಹತ್ತಿ ಕೂತೆ. ಕಾದ ಪ್ಲಾಸ್ಟಿಕ್ಕು, ಹೊಸ ಪೇಂಟು, ಗ್ರೀಸು ಎಲ್ಲ ಸೇರಿದ ಒಂದು ವಾಸನೆ ಮೂಗಿಗೆ ಬಡಿಯಿತು. "ಹೆಂಗದೆ ಭಾವ?" ಎಂದ ಅವನು. ಚೆನ್ನಾಗಿದೆ ಅಂದೆ. ಆದರೆ ಏಳು ವರ್ಷದ ಹಿಂದೆ ನಮ್ಮ ಅಂಗಳದಲ್ಲಿ, ಇದೇ ವಾಸನೆಯ ಸೀಟಿನ ಮೇಲೆ ಕೂತಿದ್ದ ಒಬ್ಬರು ಕಣ್ಣ ಮುಂದೆ ಬಂದುಬಿಟ್ಟಿದ್ದರು...

ಊರಿಗೆಲ್ಲ ಅವರು ಟಿಲ್ಲರ್ ಮಾವ. ಮಡಿಕೇರಿ ಹತ್ತಿರದ ಗಾಳಿಬೀಡಿನ ಕೆಳಗಿನ ಇಳಿಜಾರಿನಲ್ಲಿ ನಮ್ಮ ಮನೆ, ಪಕ್ಕದಲ್ಲಿ ಅವರದು. ತಗ್ಗಿನಲ್ಲಿ ಗದ್ದೆಗಳೂ ಅಕ್ಕಪಕ್ಕವೇ. ಅವರ ಮನೆಮಾತು ಅರೆಭಾಷೆ. ನಮ್ಮದು ಅಪ್ಪ ಹಾಸನದ ಕಡೆಯಿಂದ ಹೊತ್ತು ತಂದ ಕನ್ನಡ. ರಕ್ತಸಂಬಂಧ ಏನೂ ಇರಲಿಲ್ಲ, ಆದರೂ ಮಾವ ಅಂದರೆ ಮಾವನೇ. ಊರಿನ ಕೊಟ್ಟಿಗೆಗಳಲ್ಲಿ ಎತ್ತುಗಳು ಕಮ್ಮಿಯಾದ ಕಾಲದಲ್ಲಿ ಮೊದಲು ಪವರ್ ಟಿಲ್ಲರ್ ತಂದವರು ಅವರು. ಮೊಣಕಾಲಿನವರೆಗೆ ಕೆಸರು, ಮೇಲೆ ಎತ್ತಿ ಕಟ್ಟಿದ ಲುಂಗಿ, ತಲೆಗೊಂದು ಗೊಬ್ಬರದ ಚೀಲದ ಕೊಪ್ಪೆ... ಆ ಗಡಗಡ ಅದುರುವ ಯಂತ್ರದ ಹಿಂದೆ ಮಳೆಗಾಲ ಪೂರ್ತಿ ನಡೆಯುತ್ತಿದ್ದರು. ಎಲ್ಲರ ಗದ್ದೆ ಮುಗಿದ ಮೇಲೆ ತಮ್ಮದು. ಮೊದಲನೆಯದು ಯಾವಾಗಲೂ ನಮ್ಮದು. ಯಾರೂ ಮಾತಾಡಿ ಗೊತ್ತು ಮಾಡಿದ್ದಲ್ಲ, ಹಾಗೇ ನಡೆದುಬಂದಿತ್ತು.

ಒಂದು ವರ್ಷ ಅವರು ಬರಲಿಲ್ಲ. ಸಸಿಮಡಿಯಲ್ಲಿ ಪೈರು ಬಲಿಯುತ್ತಾ ಹೋಯಿತು. ಮೂರು ಸಲ ಮನೆಗೆ ಹೋದೆ. ಮೂರು ಸಲವೂ ಬಾಗಿಲಿಗೆ ಬಂದವರು ಮಾವನ ಹೆಂಡತಿ, ಅತ್ತೆ. "ಹುಷಾರಿಲ್ಲೆ ಅವ್ಕೆ. ನಾಳೆ ನೋಡುವ" ಅಂದರು. ನಾಲ್ಕನೆಯ ದಿನ ನೋಡಿದರೆ ಮಾವ ಬಸ್‌ಸ್ಟ್ಯಾಂಡಿನ ಹತ್ತಿರದ ಟೀ ಅಂಗಡಿಯಲ್ಲಿ ಕೂತಿದ್ದಾರೆ! ನನಗೆ ಎಲ್ಲಿತ್ತೋ ಸಿಟ್ಟು. ಐದಾರು ಜನರ ಎದುರಿಗೇ ಅಂದುಬಿಟ್ಟೆ:

"ಟೀ ಕುಡಿಯೋಕೆ ಹುಷಾರಾಗಿರ್ತೀರ, ಗದ್ದೆಗೆ ಇಳಿಯೋಕೆ ಆಗಲ್ವಾ? ನಿಮ್ಮನ್ನ ನಂಬ್ಕೊಂಡ್ರೆ ಈ ವರ್ಷ ನಾನು ಹುಲ್ಲು ಕುಯ್ಯೋದೇ ಮಾವ."

ಅವರು ಟೀ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದುಕೊಂಡಿದ್ದರು, ಸಣ್ಣ ಮಕ್ಕಳು ಹಿಡಿಯುವ ಹಾಗೆ. ಅದನ್ನು ನಾನು ನೋಡಿದ್ದೆ. ಯಾಕೆ ಹಾಗೆ ಹಿಡಿದಿದ್ದಾರೆ ಎಂದು ಮಾತ್ರ ಯೋಚಿಸಲಿಲ್ಲ.

ಆ ವರ್ಷ ಬೇರೆ ಊರಿನ ಯಂತ್ರ ತರಿಸಿ ಹೇಗೋ ನಾಟಿ ಮುಗಿಸಿದೆ. ಮುಂದಿನ ಮಳೆಗಾಲಕ್ಕೆ ಮೊದಲೇ ನಮ್ಮ ಅಂಗಳಕ್ಕೆ ಸ್ವಂತ ಟ್ರಾಕ್ಟರ್ ಬಂತು. ಲಾರಿಯಿಂದ ಇಳಿಸಿದಾಗ, ಇಷ್ಟು ಸಣ್ಣದಾ ಅನ್ನಿಸಿತ್ತು. ಹತ್ತಿ ಕೂತ ಮೇಲೆ ಗದ್ದೆಯೇ ಸಣ್ಣದಾಗಿ ಕಂಡಿತು. ಕೀ ತಿರುಗಿಸಿದರೆ ಸಾಕು, ಮೊದಲ ಸಲಕ್ಕೇ ಸ್ಟಾರ್ಟು. ಸ್ಟೇರಿಂಗನ್ನು ಒಂದು ಬೆರಳಲ್ಲಿ ತಿರುಗಿಸಬಹುದಿತ್ತು. ಹೆಂಡತಿ ಕುಂಕುಮ ಹಚ್ಚಿ ಚಕ್ರದಡಿ ನಿಂಬೆಹಣ್ಣಿಟ್ಟಳು. ಇನ್ನು ಯಾರ ಬಾಗಿಲಿಗೂ ಹೋಗಿ ನಿಲ್ಲಬೇಕಾಗಿಲ್ಲ ಎಂಬ ಜಂಬ ನನಗೆ.

ಮಾವ ತಾವಾಗಿಯೇ ಬಂದರು. ನಾನು ಕರೆದಿರಲಿಲ್ಲ. ಸುತ್ತ ಒಂದು ಸುತ್ತು ಬಂದು, ಬಗ್ಗಿ ಅಡಿಭಾಗ ನೋಡಿ, "ಹತ್ತಲಾ?" ಎಂದು ಕೇಳಿದರು. ಮೊಣಕೈ ಊರಿ ಹತ್ತಿ ಕೂತು, ಅಂಗೈಗಳನ್ನು ಸ್ಟೇರಿಂಗಿನ ಮೇಲೆ ಚಪ್ಪಟೆಯಾಗಿ ಇಟ್ಟರು. ಸ್ಟಾರ್ಟ್ ಮಾಡು ಅಂದರು. ಮಾಡಿದೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತಿದ್ದರು.

"ಅದುರುದೇ ಇಲ್ಲೆ ಮಾರಾಯ! ಕೂತ್ಕಂಡೇ ಉಳ್ಬೋದು. ಹಿಂದೆ ನಡೆಯೊಕು ಅಂತ ಇಲ್ಲೆ."

ಇಳಿದು ಕಾಫಿ ಕುಡಿದು ಹೋದರು. ಟೀ ಅಂಗಡಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಳೆ ಹಿಡಿದ ಮೇಲೆ ಮೊದಲ ಸಲ ಗದ್ದೆಗಿಳಿದ ದಿನವೇ ಟ್ರಾಕ್ಟರ್ ಹೂತುಹೋಯಿತು. ನೀರು ಹರಿಯುವ ತೋಡಿನ ಪಕ್ಕದ ಮೂಲೆಯಲ್ಲಿ ಮುಂದಿನ ಚಕ್ರಗಳು ಕುಸಿದು, ರೇಸ್ ಮಾಡಿದಷ್ಟೂ ಕೆಳಗೆ ಇಳಿಯುತ್ತಿತ್ತು. ಹೊಸ ಪೇಂಟಿನ ಮೇಲೆಲ್ಲ ಕೆಸರು. ಸದ್ದು ಕೇಳಿ ಮಾವ ಹಲಗೆ ಹೊತ್ತು ಬಂದರು, ಹಿಂದೆ ಹಗ್ಗ ಹಿಡಿದು ಅತ್ತೆ.

"ಆ ಮೂಲೇಲಿ ಜೌಗು. ಇಷ್ಟ್ ವರ್ಷ ನಾ ಬಳಸಿ ಹೋಗ್ತಿದ್ದದ್ದು ನೋಡಿಲ್ಲೆಯಾ ನೀನು? ಒಂದ್ ಮಾತು ಕೇಳಿರೆ ಆಗ್ತಿತ್ತು."

ಸೊಂಟಮಟ್ಟದ ಕೆಸರಿನಲ್ಲಿ ನಿಂತು ಚಕ್ರದಡಿಗೆ ಹಲಗೆ ತುರುಕಿದರು. ಹಗ್ಗವನ್ನು ಕೊಕ್ಕೆಗೆ ಸುತ್ತಿದರು. ಗಂಟು ಹಾಕಲು ಹೋದಾಗ ಹಗ್ಗ ಬೆರಳಿನಿಂದ ಜಾರಿತು. ಇನ್ನೊಮ್ಮೆ ಹಿಡಿದರು, ಜಾರಿತು. ಬೆರಳುಗಳು ಬಿಳುಚಿಕೊಂಡಿದ್ದವು, ಮಡಚುತ್ತಲೇ ಇರಲಿಲ್ಲ. ಅತ್ತೆ ಕೆಸರಿಗಿಳಿದು ಅವರ ಕೈಯಿಂದ ಹಗ್ಗ ತೆಗೆದುಕೊಂಡು ತಾವೇ ಗಂಟು ಬಿಗಿದರು.

"ಎಷ್ಟು ದಿನದಿಂದ ಮಾವ ಹಿಂಗೆ?"

"ಎರಡು ವರ್ಷ ಆತು. ಟಿಲ್ಲರ್‌ನ ಅದುರಾಟ ಅಲ್ವಾ... ಕ್ಲಚ್ ಹಿಡಿಯಕ್ಕೆ ಆಗುದಿಲ್ಲೆ. ಊರವ್ಕೆ ಹೇಳಿ ಏನ್ ಮಾಡುದು?" ಎಂದು ನಕ್ಕರು.

ಅವತ್ತು ಟ್ರಾಕ್ಟರ್ ಮೇಲೆ ಬಂತು. ನನಗೆ ತಲೆ ಎತ್ತಿ ಅವರ ಮುಖ ನೋಡಲಾಗಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದೆ: ಇದನ್ನು ಮಾವನೇ ಓಡಿಸಲಿ. ಸ್ಟೇರಿಂಗಿಗೆ ಬೆರಳಿನ ಬಲ ಬೇಡ, ಅಂಗೈ ಸಾಕು. ಊರಿನ ಯಾವ ಗದ್ದೆಯಲ್ಲಿ ಎಲ್ಲಿ ಜೌಗು, ಎಲ್ಲಿ ಬಂಡೆ ಎಂದು ಅವರಿಗೆ ಗೊತ್ತು. ಅವಳೂ ಒಪ್ಪಿದಳು. "ಇವತ್ತೇ ಹೋಗಿ ಹೇಳಿ" ಅಂದಳು. ಆದರೆ ಟೀ ಅಂಗಡಿಯಲ್ಲಿ ಅಂದ ಮಾತು ನೆನಪಿಗೆ ಬಂತು. ಮೊದಲು ಅದಕ್ಕೆ ಕ್ಷಮೆ ಕೇಳಬೇಕಲ್ಲ... ನಾಟಿ ಮುಗಿಯಲಿ ಅಂದುಕೊಂಡೆ. ಆಮೇಲೆ ಕೊಯ್ಲು ಮುಗಿಯಲಿ ಅಂದುಕೊಂಡೆ.

ಕೊಯ್ಲಿನ ಹೊತ್ತಿಗೆ ಅವರು ಟಿಲ್ಲರನ್ನು ಗುಜರಿಗೆ ಕೊಟ್ಟು, ಮಡಿಕೇರಿ ರಸ್ತೆಯ ಒಂದು ಹೋಂಸ್ಟೇಯಲ್ಲಿ ಗೇಟು ಕಾಯುವ ಕೆಲಸಕ್ಕೆ ಸೇರಿದ್ದರು. ಒಂದು ದಿನ ಗೊಬ್ಬರ ತುಂಬಿಕೊಂಡು ಆ ದಾರಿಯಲ್ಲಿ ಬರುತ್ತಿದ್ದೆ. ನೀಲಿ ಅಂಗಿ, ಟೋಪಿ ಹಾಕಿಕೊಂಡು, ಮೊಣಕೈಯಿಂದ ಗೇಟು ತಳ್ಳುತ್ತಿದ್ದರು. ನನ್ನನ್ನು ಕಂಡು ತಮಾಷೆಗೆ ಸೆಲ್ಯೂಟ್ ಹೊಡೆದರು. ನಿಲ್ಲಿಸಿದೆ. ಈಗಲೇ ಕೇಳಿಬಿಡೋಣ ಅನ್ನಿಸಿತು. ಹಿಂದೆ ಪ್ರವಾಸಿಗರ ಕಾರುಗಳು ಹಾರ್ನ್ ಹೊಡೆದವು. ಮುಂದೆ ಹೋದೆ.

ಮುಂದಿನ ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ಎದೆಗೆ ಇಳಿಯಿತು. ಆಸ್ಪತ್ರೆಗೆ ಸೇರಿಸಿದ ನಾಲ್ಕನೇ ದಿನ ಹೋಗಿಬಿಟ್ಟರು...

ಅಂದಿನಿಂದ ವರ್ಷಾವರ್ಷ ಮೊದಲು ಅತ್ತೆಯ ಗದ್ದೆಯನ್ನು ಉಳುತ್ತೇನೆ. ನಿನ್ನೆಯೂ ಇಳಿದಿದ್ದೆ. ನಡುವೆ ಅತ್ತೆ ಬದುವಿಗೆ ಕಾಫಿ ತಂದರು. ಎಂಜಿನ್ ಆಫ್ ಮಾಡಿ ಕುಡಿಯುತ್ತಾ, ಭಾವಮೈದುನ ಹೊಸ ಟ್ರಾಕ್ಟರ್ ತಂದ ಸುದ್ದಿ ಹೇಳಿದೆ. ಅವರು ಟ್ರಾಕ್ಟರಿನ ಕಡೆ ನೋಡುತ್ತಾ ಅಂದರು:

"ನೀ ಇದರ ತಂದ ವರ್ಷ ನಿನ್ನ ಮಾವ ದಿನಾ ಬೆಳಿಗ್ಗೆ ಮಿಂದು, ಅಂಗಿ ಹಾಕ್ಕಂಡು ಜಗಲಿಲಿ ಕೂರ್ತಿದ್ದೊ. ಎಲ್ಲಿಗೆ ಅಂತ ಕೇಳಿರೆ, 'ಅಂವ ಕರೀತಾನೆ, ಟ್ರಾಕ್ಟರ್ ಓಡ್ಸಿಕೆ. ಅಂವಂಗೆ ಗದ್ದೆ ಗೊತ್ತಿಲ್ಲೆ' ಅಂತ ಹೇಳ್ತಿದ್ದೊ."

"ಎಷ್ಟು ದಿನ ಅತ್ತೆ?"

"ಗೇಟಿನ ಕೆಲಸಕ್ಕೆ ಸೇರುವವರೆಗೂ."

ಅತ್ತೆ ಅದನ್ನು ದೂರಿನ ಹಾಗೆ ಹೇಳಲಿಲ್ಲ. ಲೋಟವನ್ನು ತೋಡಿನ ನೀರಿನಲ್ಲಿ ತೊಳೆದುಕೊಂಡು ಏರು ಹತ್ತಿ ಹೋದರು. ಅರ್ಧ ಗದ್ದೆ ಇನ್ನೂ ಬಾಕಿ ಇತ್ತು. ನಾನು ಬದುವಿನ ಮೇಲೇ ಕೂತಿದ್ದೆ. ಅಲ್ಲಿಂದ ಅವರ ಜಗಲಿ ಕಾಣುತ್ತದೆ, ನಮ್ಮ ಅಂಗಳವೂ ಕಾಣುತ್ತದೆ. ಎರಡರ ನಡುವೆ ದೂರವೇನಿಲ್ಲ. ಅಂಗಳದಲ್ಲಿ ನಿಂತು "ಮಾವಾ" ಎಂದು ಒಂದು ಸಲ ಕೂಗಿದ್ದರೆ ಸಾಕಿತ್ತು, ಕೇಳಿಸುತ್ತಿತ್ತು.