ಹಸಿರು ಇಳಿಸದ ಭೀಮಶಾ ಕಾಕಾ

ಭೀಮಶಾ ಕಾಕಾ ಅಫಜಲಪುರದ ಸಂತೆಯಲ್ಲೂ ಹಳಿಯ ಅಡ್ಡಪಟ್ಟಿಗಳ ಮೇಲೆ ನಡೆಯುವವರ ಹಾಗೆ ಅಳೆದು ಅಳೆದು ಹೆಜ್ಜೆ ಇಡುತ್ತಿದ್ದರು. ಬಗಲಲ್ಲಿ ಸುತ್ತಿಟ್ಟ ಎರಡು ಬಾವುಟ, ಒಂದು ಕೆಂಪು, ಒಂದು ಹಸಿರು. ಊಟಕ್ಕೆ ಕೂತರೂ ಅವನ್ನು ತೊಡೆಯ ಮೇಲೆ ಇಟ್ಟುಕೊಳ್ಳುವ ಆಸಾಮಿ.

ನಮ್ಮೂರ ಸ್ಟೇಷನ್ನು ವಿಕ್ಟೋರಿಯಾ ರಾಣಿಯ ಕಾಲದ ಕರಿಕಲ್ಲಿನ ಕಟ್ಟಡ. ಅದಕ್ಕೆ ಕಲ್ಲು ಹೊತ್ತವರು ಕಾಕಾನ ಅಜ್ಜ, ದೀಪ ಹಚ್ಚಿದವರು ಅಪ್ಪ. ಗಾಡಿಗೆ ನಿಲ್ಲು, ಹೋಗು ಎಂದು ಹೇಳುವ ಬಾವುಟ ಇವರ ಪಾಲಿಗೆ ಬಂದಿತ್ತು. "ಮಂದಿಗಿ ಸುಳ್ಳು ಹೇಳಿದ್ರ ಮಾಫಿ ಅದ, ಗಾಡಿಗಿ ಹೇಳಿದ್ರ ಇಲ್ಲ" ಎನ್ನುತ್ತಿದ್ದರು.

ಈ ಮಾತಿನ ಬಿಸಿ ನನಗೇ ತಟ್ಟಿತು. ಮದುವೆಯಾಗಿ ಗಂಡನ ಮನೆಗೆ ಹೊರಟ ದಿನ ನಮ್ಮ ಗಾಡಿ ತಪ್ಪಿತು. ಹಿಂದಿನಿಂದ ಬರುವ ಮೇಲ್ ಗಾಡಿ ನಮ್ಮಲ್ಲಿ ನಿಲ್ಲುವುದಿಲ್ಲ. ಕೆಂಪು ತೋರಿಸಿ ನಿಲ್ಲಿಸಿರೆಂದು ನಮ್ಮಪ್ಪ ಕೈಮುಗಿದರು. "ಹಳಿ ಸಾಫ್ ಅದರಿ ಗೌಡ್ರ. ಸುಳ್ಳು ಕೆಂಪು ನಾ ತೋರ್ಸಂಗಿಲ್ರಿ" ಅಂದುಬಿಟ್ಟರು ಕಾಕಾ. ರೇಷ್ಮೆ ಸೀರೆ ಉಟ್ಟುಕೊಂಡು ಕಲಬುರಗಿತನಕ ಎತ್ತಿನ ಬಂಡಿಯಲ್ಲಿ ಧೂಳು ತಿಂದೆ. ಅಂದಿನಿಂದ ಅವರ ಜೊತೆ ಮಾತು ಬಿಟ್ಟೆ. ಎದುರಾದರೆ ಮುಖ ತಿರುಗಿಸುತ್ತಿದ್ದೆ. ಅವರು ಮಾತ್ರ "ಆರಾಮ ಅದೀಯೇನವ್ವ ನೀಲವ್ವ?" ಎಂದು ಕೇಳುವುದನ್ನು ಬಿಡಲಿಲ್ಲ.

ನಲವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಬಾಣಂತನಕ್ಕೆ ತವರಿಗೆ ಬಂದಿದ್ದೆ. ಊರೂರು ಸುಲಿಯುವ ಬಂದೂಕಿನವರ ಗಲಾಟೆ ಜೋರಾಗಿ, ಸ್ಟೇಷನ್ ಮಾಸ್ತರರು ಬೀಗ ಜಡಿದು ಹೋಗಿಬಿಟ್ಟಿದ್ದರು. ಯಾವ ಗಾಡಿಯೂ ನಿಲ್ಲುತ್ತಿರಲಿಲ್ಲ. ಆದರೂ ಕಾಕಾ ದಿನಾ ಹೋಗಿ ಪ್ಲಾಟ್‌ಫಾರಂ ಗುಡಿಸುತ್ತಿದ್ದರು. ಒಂದು ಮುಂಜಾನೆ ಬಂದೂಕಿನವರು ಪಕ್ಕದ ಊರಿಗೆ ಬೆಂಕಿ ಇಟ್ಟರು. ಹೊಗೆ ಕಂಡದ್ದೇ ತಡ, ಕೂಸನ್ನು ಎದೆಗವಚಿಕೊಂಡು ಊರವರೊಂದಿಗೆ ಸ್ಟೇಷನ್ನಿಗೆ ಓಡಿದೆ. ದೂರದಲ್ಲಿ ಸೊಲ್ಲಾಪುರಕ್ಕೆ ಹೋಗುವ ಗಾಡಿ ಕೂಗಿತು. ಕಾಕಾ ನನ್ನ ಕೂಸನ್ನೊಮ್ಮೆ ನೋಡಿದರು. ಹಳಿಗಳ ನಡುವೆ ಹೋಗಿ ನಿಂತು ಕೆಂಪು ಬಾವುಟ ಬಿಚ್ಚಿದರು. ಗಾಡಿ ನಿಂತಿತು.

ಎಲ್ಲರೂ ಹತ್ತಿದೆವು. ಡ್ರೈವರ್ ಮಾತ್ರ ಗಾಡಿ ಬಿಡಲೊಲ್ಲ. ಕೆಂಪು ತೋರಿಸಿದವರು ಹಸಿರು ತೋರಿಸದೆ ಅವನು ಕದಲುವಂತಿಲ್ಲ.

"ಬರ್ರಿ ಕಾಕಾ, ಹತ್ರಿ!" ಎಂದು ಚೀರಿದೆ.

"ಗಾರ್ಡನ ಡಬ್ಬಿ ದಾಟೋತನಾ ಹಸರು ಇಳಸಬಾರ್ದು ಯವ್ವಾ. ನೀ ಕೂಸಿನ್ನ ಹಿಡ್ಕೊ" ಎಂದು ಪಕ್ಕಕ್ಕೆ ಸರಿದು ಹಸಿರು ಎತ್ತಿದರು.

ಡಬ್ಬಿಗಳು ಒಂದೊಂದಾಗಿ ಅವರನ್ನು ದಾಟಿದವು. ಕಟ್ಟಕಡೆಯ ಗಾರ್ಡನದೂ ದಾಟಿತು. ಕಲ್ಲಿನ ಕಮಾನಿನ ಮುಂದೆ ಒಬ್ಬರೇ ನಿಂತಿದ್ದರು. ಕೈ ಇನ್ನೂ ಇಳಿಸಿರಲಿಲ್ಲ.

ಮಳೆಗಾಲ ಕಳೆದು ಮರಳಿದಾಗ ಸ್ಟೇಷನ್ನಿನ ಬೀಗ ಹಾಗೆಯೇ ಇತ್ತು. ಕಾಕಾ ಇರಲಿಲ್ಲ. ಏನಾದರೆಂದು ಹೇಳಲು ಊರಲ್ಲಿ ಯಾರೂ ಉಳಿದಿರಲಿಲ್ಲ. ಮದುವೆಯಾದ ಮೇಲೆ ನಾನು ಅವರಿಗೆ ಆಡಿದ್ದು "ಹತ್ರಿ" ಎಂಬ ಅದೊಂದೇ ಮಾತು. ಅದನ್ನೂ ಅವರು ನಡೆಸಿಕೊಡಲಿಲ್ಲ.